ನಮ್ ಲಾಕ್ ಲೈಟ್ ಉರಿಯುತ್ತಿದ್ದರೂ ಅಂಕಿ ಏಕೆ ಬೀಳುವುದಿಲ್ಲ?

ಪ್ರಶ್ನೆ: ದಿನವಿಡೀ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬಲಗಡೆಯ ನಂಬರ್ ಪ್ಯಾಡಿನಲ್ಲಿ 4 ಒತ್ತಿದರೆ ಕೆಲವು ಸಲ ಅಂಕಿ ಬೀಳದೆ ಕರ್ಸರ್ ಎಡಕ್ಕೆ ಸರಿಯುತ್ತದೆ. ನಮ್ ಲಾಕ್ ಒತ್ತಿದರೆ ಸರಿಹೋಗುತ್ತದೆ, ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಮತ್ತೆ ಅದೇ ಕಥೆ. ಕಳೆದ ವಾರವಂತೂ ಲೈಟ್ ಉರಿಯುತ್ತಿದ್ದರೂ ಒಂದು ಅಂಕಿಯೂ ಬೀಳಲಿಲ್ಲ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನದು ಇದರ ಉಲ್ಟಾ: ಅಕ್ಷರ ಒತ್ತಿದರೆ ಅಂಕಿ ಬರುತ್ತದೆ. ಕೀಬೋರ್ಡ್ ಕೆಟ್ಟಿದೆಯೇ? ಬದಲಾಯಿಸಬೇಕೇ?

ಉತ್ತರ: ಈಗಲೇ ಹೊಸ ಕೀಬೋರ್ಡ್ ತರಬೇಡಿ. ನೀವು ಬರೆದಿರುವ ನಾಲ್ಕು ತೊಂದರೆಗಳಲ್ಲಿ ಒಂದೂ ಕೀ ಕೆಟ್ಟು ಬಂದದ್ದಲ್ಲ. ಪರಿಹಾರ ನಾಲ್ಕಕ್ಕೂ ಬೇರೆ ಬೇರೆ, ಬೇರು ಮಾತ್ರ ಒಂದೇ. ಅದನ್ನು ಮೊದಲು ನೋಡಿಬಿಡೋಣ, ಆಮೇಲೆ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರವನ್ನೂ ಕಳಿಸುವುದಿಲ್ಲ, ಅಂಕಿಯನ್ನೂ ಕಳಿಸುವುದಿಲ್ಲ. ಇಂಥ ಜಾಗದ ಕೀ ಒತ್ತಿದ್ದಾರೆ, ಈಗ ಬಿಟ್ಟಿದ್ದಾರೆ ಎಂಬ ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ. ಯುಎಸ್‌ಬಿ ಕೀಬೋರ್ಡಿನ ಪ್ರತಿ ಕೀಗೂ ಗೊತ್ತುಮಾಡಿದ ಒಂದು ಸಂಖ್ಯೆ ಇದೆ. ಅಕ್ಷರಗಳ ಮೇಲಿನ ಸಾಲಿನಲ್ಲಿರುವ 7ರ ಸಂಖ್ಯೆ 36. ನಂಬರ್ ಪ್ಯಾಡಿನ 7ಕ್ಕೆ 95. ಬಾಣದ ಕೀಗಳ ಮೇಲ್ಗಡೆ ಬೇರೆಯಾಗಿ ಕೂತಿರುವ ಹೋಮ್ ಕೀಗೆ 74. ಕಂಪ್ಯೂಟರಿಗೆ 36 ಬಂದರೆ ಯೋಚಿಸುವುದೇನಿಲ್ಲ, 7 ಎಂದು ಬರೆಯುತ್ತದೆ. 74 ಬಂದರೂ ಅಷ್ಟೇ, ಕರ್ಸರನ್ನು ಸಾಲಿನ ಆರಂಭಕ್ಕೆ ಒಯ್ಯುತ್ತದೆ. 95 ಬಂದಾಗ ಮಾತ್ರ ಅದು ಒಂದು ಗುರುತನ್ನು ನೋಡಬೇಕಾಗುತ್ತದೆ. ಗುರುತು ಆನ್ ಇದ್ದರೆ 95 ಅಂದರೆ 7, ಆಫ್ ಇದ್ದರೆ 95 ಅಂದರೆ ಹೋಮ್. ಆ ಗುರುತೇ ನಮ್ ಲಾಕ್. ಅದು ಇರುವುದು ಕೀಬೋರ್ಡಿನಲ್ಲಲ್ಲ, ಕಂಪ್ಯೂಟರಿನ ನೆನಪಿನಲ್ಲಿ.

ಲೈಟಿನ ಕಥೆಯೂ ಹೀಗೆಯೇ. ನಮ್ ಲಾಕ್ ಒತ್ತಿದ ತಕ್ಷಣ ಕೀಬೋರ್ಡೇ ತನ್ನ ಲೈಟ್ ಹಚ್ಚಿಕೊಳ್ಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜದಲ್ಲಿ ಆಗುವುದು ಬೇರೆ. ಕೀಬೋರ್ಡ್ 83 ಎಂಬ ಸಂಖ್ಯೆಯನ್ನು ಕಳಿಸುತ್ತದೆ, ಕಂಪ್ಯೂಟರ್ ಗುರುತನ್ನು ತಿರುಗಿಸುತ್ತದೆ, ತಿರುಗಿಸಿದ ಮೇಲೆ ಲೈಟ್ ಹಚ್ಚು ಎಂದು ಕೀಬೋರ್ಡಿಗೆ ವಾಪಸ್ ಹೇಳುತ್ತದೆ. ಸುದ್ದಿ ಹೋಗಿ ಉತ್ತರ ಬಂದರೆ ಮಾತ್ರ ಲೈಟ್. ಹಾಗಾಗಿ ಕಂಪ್ಯೂಟರ್ ಸ್ತಬ್ಧವಾಗಿ ನಿಂತಿದೆ ಅನ್ನಿಸಿದಾಗ ಮಾಡಬಹುದಾದ ಮೊದಲ ಪರೀಕ್ಷೆ ನಮ್ ಲಾಕ್ ಒತ್ತುವುದು. ಲೈಟ್ ಆರುತ್ತಾ ಹೊತ್ತುತ್ತಾ ಇದ್ದರೆ ಯಂತ್ರ ಒಳಗೆ ಜೀವಂತವಾಗಿದೆ, ಯಾವುದೋ ಒಂದು ಪ್ರೋಗ್ರಾಂ ಸಿಕ್ಕಿಕೊಂಡಿರಬಹುದು, ಸ್ವಲ್ಪ ಕಾಯಿರಿ. ಎಷ್ಟು ಒತ್ತಿದರೂ ಲೈಟ್ ಕದಲದಿದ್ದರೆ ಒಂದೋ ಇಡೀ ಯಂತ್ರ ನಿಂತಿದೆ, ಇಲ್ಲವೇ ಕೀಬೋರ್ಡಿನ ಸಂಪರ್ಕ ತಪ್ಪಿದೆ. ಕೇಬಲ್ಲನ್ನು ಬೇರೆ ಪೋರ್ಟಿಗೆ ಚುಚ್ಚಿ ಮತ್ತೊಮ್ಮೆ ಒತ್ತಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ. ವೈರ್‌ಲೆಸ್ ಕೀಬೋರ್ಡುಗಳಲ್ಲಿ ಬ್ಯಾಟರಿ ಉಳಿಸಲು ಲೈಟನ್ನೇ ಇಟ್ಟಿರದ ಮಾದರಿಗಳು ಬಹಳ, ಅಲ್ಲಿ ಈ ಪರೀಕ್ಷೆ ನಡೆಯದು.

ಒಂದೇ ಕೀಗೆ ಎರಡು ಕೆಲಸ ಏಕೆ ಎಂದರೆ, 1981ರ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿ ಇದ್ದದ್ದೇ 83 ಕೀ. ಬಾಣದ ಗುರುತಿಗೆಂದು ಬೇರೆ ಕೀಗಳಿರಲಿಲ್ಲ. ಕರ್ಸರ್ ಓಡಿಸುವುದಕ್ಕೂ ಅಂಕಿ ಹೊಡೆಯುವುದಕ್ಕೂ ಬಲಗಡೆಯ ಅದೇ ಕೀಗಳು, ಎರಡರ ನಡುವೆ ದಾಟಲು ನಮ್ ಲಾಕ್. 1980ರ ದಶಕದ ನಡುಭಾಗದಲ್ಲಿ 101 ಕೀಗಳ ಕೀಬೋರ್ಡ್ ಬಂದಾಗ ಬಾಣಗಳಿಗೆ, ಹೋಮ್, ಎಂಡ್ ಮುಂತಾದವಕ್ಕೆ ಸ್ವಂತ ಜಾಗ ಸಿಕ್ಕಿತು. ಅಲ್ಲಿಗೆ ನಮ್ ಲಾಕ್‌ನ ಮೂಲ ಅಗತ್ಯ ಮುಗಿಯಿತು, ಕೀ ಮಾತ್ರ ಉಳಿದುಕೊಂಡಿತು.

ಆಫ್ ಇದ್ದಾಗ ಯಾವ ಅಂಕಿ ಏನಾಗುತ್ತದೆ ಎಂಬುದು ತಿಳಿದಿರಲಿ, ತಪ್ಪನ್ನು ಗುರುತಿಸಲು ಇದೇ ಆಧಾರ. 8, 2, 4, 6 ಕ್ರಮವಾಗಿ ಮೇಲೆ, ಕೆಳಗೆ, ಎಡ, ಬಲ. 7 ಹೋಮ್, 1 ಎಂಡ್. 9 ಪೇಜ್ ಅಪ್, 3 ಪೇಜ್ ಡೌನ್. 0 ಇನ್ಸರ್ಟ್, ಚುಕ್ಕಿ ಡಿಲೀಟ್. ನಡುವಿನ 5ಕ್ಕೆ ದಿಕ್ಕಿಲ್ಲ, ಹೆಚ್ಚಿನ ಪ್ರೋಗ್ರಾಂಗಳಲ್ಲಿ ಅದು ಸುಮ್ಮನಿರುತ್ತದೆ. ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ಪ್ಯಾಡಿನ ಎಂಟರ್, ಈ ಐದಕ್ಕೆ ನಮ್ ಲಾಕ್ ಆನ್ ಇದ್ದರೂ ಒಂದೇ, ಆಫ್ ಇದ್ದರೂ ಒಂದೇ. ಆದ್ದರಿಂದ ಕೂಡು ಚಿಹ್ನೆ ಬೀಳುತ್ತಿದೆ, ಅಂಕಿ ಮಾತ್ರ ಬೀಳುತ್ತಿಲ್ಲ ಎಂದಾದರೆ ಪ್ಯಾಡ್ ಕೆಟ್ಟಿಲ್ಲ, ಗುರುತು ಆಫ್ ಆಗಿದೆ ಎಂದೇ ಅರ್ಥ.

ಇದು ಹೆಚ್ಚು ಕಾಡುವುದು ಪಾಸ್‌ವರ್ಡ್ ಹಾಕುವಾಗ. ಲಾಗಿನ್ ಪರದೆಯಲ್ಲಿ ಕ್ಯಾಪ್ಸ್ ಲಾಕ್ ಆನ್ ಇದ್ದರೆ ಎಚ್ಚರಿಕೆ ಕಾಣಿಸುತ್ತದೆ, ನಮ್ ಲಾಕ್ ಆಫ್ ಇದ್ದರೆ ಯಾರೂ ಹೇಳುವುದಿಲ್ಲ. ನಾಲ್ಕು ಅಕ್ಷರ ಹೊಡೆದು, ಆಮೇಲೆ ಪ್ಯಾಡಿನಲ್ಲಿ 4, 7, ಚುಕ್ಕಿ ಒತ್ತಿದಿರಿ ಎನ್ನೋಣ. 4 ಕರ್ಸರನ್ನು ಒಂದು ಹೆಜ್ಜೆ ಹಿಂದೆ ಸರಿಸಿತು, 7 ಅದನ್ನು ಮೊದಲಿಗೇ ಒಯ್ದಿತು, ಚುಕ್ಕಿ ಮೊದಲ ಅಕ್ಷರವನ್ನೇ ಅಳಿಸಿತು. ಪರದೆಯ ಮೇಲೆ ಕಾಣುವುದು ಮೂರು ಬೊಟ್ಟು. ಪಾಸ್‌ವರ್ಡ್ ತಪ್ಪು ಎಂದು ಬಂದಾಗ ಮರೆತೇಹೋಯಿತೇನೋ ಎಂದು ಗಾಬರಿಯಾಗುವ ಮುನ್ನ ಬೊಟ್ಟುಗಳನ್ನು ಎಣಿಸಿ. ಒತ್ತಿದ್ದಕ್ಕಿಂತ ಕಡಿಮೆ ಇದ್ದರೆ ತಪ್ಪು ನಿಮ್ಮ ನೆನಪಿನದಲ್ಲ.

ಶಿಫ್ಟ್ ಕೀ ಇದಕ್ಕೆ ಇನ್ನೊಂದು ಮಡಿಕೆ ಸೇರಿಸುತ್ತದೆ. ವಿಂಡೋಸ್‌ನಲ್ಲಿ ನಮ್ ಲಾಕ್ ಆನ್ ಇದ್ದು ಶಿಫ್ಟ್ ಹಿಡಿದು ಪ್ಯಾಡಿನ 4 ಒತ್ತಿದರೆ, ಒತ್ತಿದಷ್ಟು ಹೊತ್ತು ನಮ್ ಲಾಕ್ ಆಫ್ ಇದ್ದಂತೆ ಕೆಲಸ ನಡೆಯುತ್ತದೆ, ಕರ್ಸರ್ ಎಡಕ್ಕೆ ಹೋಗುತ್ತದೆ. ಸಾಮಾನ್ಯ ಎಡಬಾಣದ ಜತೆ ಶಿಫ್ಟ್ ಹಿಡಿದರೆ ಪಠ್ಯ ಆಯ್ಕೆಯಾಗುತ್ತದೆ, ಇಲ್ಲಿ ಆಗುವುದಿಲ್ಲ, ಏಕೆಂದರೆ ಶಿಫ್ಟ್ ಈಗಾಗಲೇ ಅಂಕಿಯನ್ನು ಬಾಣವಾಗಿಸುವುದಕ್ಕೆ ಖರ್ಚಾಗಿದೆ. ಎಡಗೈ ಶಿಫ್ಟ್ ಮೇಲೆ ಒರಗಿಕೊಂಡಿದ್ದರೂ ನಡುವೆ ಒಂದೆರಡು ಅಂಕಿ ಮಾಯವಾಗುತ್ತವೆ. ಲೈಟ್ ಉರಿಯುತ್ತಲೇ ಇದೆ, ಅಪರೂಪಕ್ಕೊಮ್ಮೆ ಅಂಕಿ ತಪ್ಪುತ್ತದೆ ಎಂದಾದರೆ ಮೊದಲು ಆ ಎಡಗೈಯನ್ನು ಗಮನಿಸಿ.

ಬೆಳಿಗ್ಗೆ ಆನ್ ಮಾಡಿದಾಗ ಆಫ್ ಆಗಿರುವುದು

ಈ ಗುರುತನ್ನು ಇಬ್ಬರು ಬರೆಯುತ್ತಾರೆ. ಯಂತ್ರ ಏಳುವಾಗ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ, ಅಂದರೆ ಬಯಾಸ್, ಒಮ್ಮೆ ಬರೆಯುತ್ತದೆ, ಆಮೇಲೆ ಆಪರೇಟಿಂಗ್ ಸಿಸ್ಟಂ ಬಂದು ಅದರ ಮೇಲೆ ತನ್ನದನ್ನು ಬರೆಯುತ್ತದೆ. ಕೊನೆಯಲ್ಲಿ ಬರೆದವರ ಮಾತೇ ನಡೆಯುವುದರಿಂದ, ಬಯಾಸ್‌ನಲ್ಲಿ 'ಬೂಟಪ್ ನಮ್ ಲಾಕ್' ಎಂಬ ಆಯ್ಕೆಯನ್ನು ಆನ್ ಮಾಡಿಟ್ಟರೂ ವಿಂಡೋಸ್ ಅದನ್ನು ಆರಿಸಿಬಿಡಬಹುದು.

ಮೊದಲು ಸುಲಭದ ದಾರಿ. ಯಂತ್ರ ಆನ್ ಮಾಡಿ, ಲಾಗಿನ್ ಆಗಬೇಡಿ. ಪಾಸ್‌ವರ್ಡ್ ಕೇಳುವ ಪರದೆಯಲ್ಲಿಯೇ ನಮ್ ಲಾಕ್ ಒತ್ತಿ ಲೈಟ್ ಹೊತ್ತಿಸಿ. ಅದೇ ಪರದೆಯ ಮೂಲೆಯಲ್ಲಿರುವ ಪವರ್ ಚಿಹ್ನೆಯಿಂದ ರೀಸ್ಟಾರ್ಟ್ ಕೊಡಿ. ಅನೇಕ ಯಂತ್ರಗಳಲ್ಲಿ ಇಷ್ಟಕ್ಕೇ ನಿಲ್ಲುತ್ತದೆ.

ನಿಲ್ಲದಿದ್ದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗವಾದ ರಿಜಿಸ್ಟ್ರಿಗೆ ಇಳಿಯಬೇಕು. ಸ್ಟಾರ್ಟ್ ಮೆನುವಿನಲ್ಲಿ ರಿಜಿಸ್ಟ್ರಿ ಎಡಿಟರ್ ಹುಡುಕಿ ತೆರೆಯಿರಿ. ಎಡಗಡೆಯ ಮರದಲ್ಲಿ ಎಚ್‌ಕೀ ಯೂಸರ್ಸ್, ಅದರೊಳಗೆ ಡಾಟ್ ಡಿಫಾಲ್ಟ್, ಅದರೊಳಗೆ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಕೀಬೋರ್ಡ್. ಬಲಗಡೆ 'ಇನಿಶಿಯಲ್ ಕೀಬೋರ್ಡ್ ಇಂಡಿಕೇಟರ್ಸ್' ಎಂಬ ಸಾಲು ಕಾಣುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ 2 ಎಂದು ಬರೆಯಿರಿ. 0 ಅಂದರೆ ಆಫ್, 2 ಅಂದರೆ ನಮ್ ಲಾಕ್ ಆನ್. ವಿಂಡೋಸ್ 10, 11ರಲ್ಲಿ ಕೆಲವೊಮ್ಮೆ 2ಕ್ಕೆ ಬಗ್ಗುವುದಿಲ್ಲ, ಆಗ 2147483650 ಎಂದು ಕೊಡಿ. ಬದಲಾಯಿಸುವ ಮೊದಲು ಅಲ್ಲಿರುವ ಹಳೆಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಕ್ಕಪಕ್ಕದ ಬೇರೆ ಯಾವ ಸಾಲನ್ನೂ ಮುಟ್ಟಬೇಡಿ. ಇಷ್ಟೆಲ್ಲ ಮಾಡಿದರೂ ಹಠ ಬಿಡದಿದ್ದರೆ ಕಾರಣ ಫಾಸ್ಟ್ ಸ್ಟಾರ್ಟಪ್ ಇರಬಹುದು. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎಬ್ಬಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಕೇಳುವ ಪುಟದಲ್ಲಿ, ಇದರ ಟಿಕ್ ಗುರುತನ್ನು ತೆಗೆಯಬಹುದು. ಯಂತ್ರ ಏಳುವುದು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ.

ಲಿನಕ್ಸ್ ಬಳಸುವವರಿಗೆ: ಕೆಡಿಇಯಲ್ಲಿ ಕೀಬೋರ್ಡ್ ಸೆಟ್ಟಿಂಗ್ ಒಳಗೇ ಪ್ಲಾಸ್ಮಾ ಶುರುವಾಗುವಾಗ ನಮ್ ಲಾಕ್ ಹೇಗಿರಬೇಕು ಎಂಬ ಆಯ್ಕೆ ಇದೆ. ಮ್ಯಾಕ್‌ನಲ್ಲಿ ಈ ಗೋಳೇ ಇಲ್ಲ. ಅಲ್ಲಿ ನಮ್ ಲಾಕ್ ಇರಬೇಕಾದ ಜಾಗದಲ್ಲಿ ಕ್ಲಿಯರ್ ಕೀ ಇರುತ್ತದೆ, ಪ್ಯಾಡ್ ಯಾವಾಗಲೂ ಅಂಕಿಯನ್ನೇ ಕೊಡುತ್ತದೆ.

ಲೈಟ್ ಉರಿಯುತ್ತಿದೆ, ಅಂಕಿ ಇಲ್ಲ

ಕಳೆದ ವಾರ ನಿಮಗಾದದ್ದು ಇದು. ನನ್ನ ಅಂದಾಜು ಮೌಸ್ ಕೀಸ್ ಕಡೆಗಿದೆ. ಕೈಯಲ್ಲಿ ಮೌಸ್ ಹಿಡಿಯಲು ಕಷ್ಟವಾಗುವವರಿಗಾಗಿ ವಿಂಡೋಸ್‌ನಲ್ಲಿರುವ ಒಂದು ಒಳ್ಳೆಯ ಸೌಲಭ್ಯ ಅದು. ಆನ್ ಮಾಡಿದರೆ ನಂಬರ್ ಪ್ಯಾಡ್ ಮೌಸಾಗುತ್ತದೆ. 8 ಒತ್ತಿದರೆ ಬಾಣದ ಗುರುತು ಮೇಲಕ್ಕೆ ಸರಿಯುತ್ತದೆ, 7 ಒತ್ತಿದರೆ ಓರೆಯಾಗಿ ಮೇಲಕ್ಕೆ, 5 ಒತ್ತಿದರೆ ಕ್ಲಿಕ್, ಕೂಡು ಚಿಹ್ನೆ ಒತ್ತಿದರೆ ಡಬಲ್ ಕ್ಲಿಕ್. ಎಂದಿನ ಸೆಟ್ಟಿಂಗ್‌ನಲ್ಲಿ ಇದು ನಡೆಯುವುದು ನಮ್ ಲಾಕ್ ಆನ್ ಇದ್ದಾಗ. ಬಳಸುವವರ ತಲೆ ಕೆಡುವುದು ಇಲ್ಲೇ: ನಮ್ ಲಾಕ್ ಆನ್ ಇದ್ದರೆ ಮೌಸ್ ಓಡುತ್ತದೆ, ಆಫ್ ಮಾಡಿದರೆ ಕರ್ಸರ್ ಓಡುತ್ತದೆ, ಅಂಕಿ ಎರಡರಲ್ಲೂ ಬೀಳುವುದಿಲ್ಲ.

ಗೊತ್ತಿಲ್ಲದೆ ಇದು ಆನ್ ಆಗುವ ದಾರಿಯೂ ಇದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್, ಮೂರನ್ನೂ ಒಟ್ಟಿಗೆ ಒತ್ತುವುದೇ ಇದರ ಶಾರ್ಟ್‌ಕಟ್. ಕನ್ನಡಕ್ಕೂ ಇಂಗ್ಲಿಷಿಗೂ ದಾಟಲು ಎಡ ಆಲ್ಟ್ ಮತ್ತು ಶಿಫ್ಟ್ ಒತ್ತುವ ಅಭ್ಯಾಸ ಇರುವವರು, ಅವೆರಡು ಬೆರಳು ಎತ್ತುವ ಮೊದಲೇ ಬಲಗೈಯಿಂದ ನಮ್ ಲಾಕ್ ಒತ್ತಿದರೆ ಮುಗಿಯಿತು. ಆನ್ ಮಾಡಲೇ ಎಂದು ಒಂದು ಪೆಟ್ಟಿಗೆ ಕೇಳುತ್ತದೆ ನಿಜ, ಆದರೆ ಲೆಕ್ಕ ಹೊಡೆಯುವ ಭರದಲ್ಲಿ ಎಂಟರ್ ಒತ್ತಿಬಿಟ್ಟರೆ ಹೌದು ಎಂದ ಹಾಗೆ. ಆಫ್ ಮಾಡಲು ಅದೇ ಮೂರು ಕೀಗಳನ್ನು ಮತ್ತೆ ಒತ್ತಿ. ಅಥವಾ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಮೌಸ್ ಎಂದು ಹೋಗಿ ಮೌಸ್ ಕೀಸ್ ಆಫ್ ಮಾಡಿ. ಈ ಶಾರ್ಟ್‌ಕಟ್ ಮನೆಯಲ್ಲಿ ಯಾರಿಗೂ ಬೇಕಿಲ್ಲದಿದ್ದರೆ ಅಲ್ಲಿಯೇ ಅದನ್ನೂ ತೆಗೆದುಬಿಡಿ.

ಬೇರೊಂದು ಕಂಪ್ಯೂಟರನ್ನು ದೂರದಿಂದ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಳಸುತ್ತಿದ್ದರೆ ಇನ್ನೊಂದು ಸಾಧ್ಯತೆ ಇದೆ. ಆಗ ಗುರುತು ಎರಡು: ನಿಮ್ಮೆದುರಿನ ಯಂತ್ರದಲ್ಲಿ ಒಂದು, ದೂರದ ಯಂತ್ರದಲ್ಲಿ ಒಂದು. ಲೈಟ್ ತೋರಿಸುವುದು ಎದುರಿನದನ್ನು, ಅಂಕಿಯನ್ನು ನಿರ್ಧರಿಸುವುದು ದೂರದ್ದು. ಎರಡರ ತಾಳ ತಪ್ಪಿದಾಗ ಲೈಟ್ ಉರಿಯುತ್ತಲೇ ಅಂಕಿ ನಿಲ್ಲುತ್ತದೆ. ದೂರದ ಯಂತ್ರದ ಕಿಟಕಿಯ ಹೊರಗೆ ಒಮ್ಮೆ ಕ್ಲಿಕ್ ಮಾಡಿ ನಮ್ ಲಾಕ್ ಒತ್ತಿ, ಒಳಗೆ ಬಂದು ಅಂಕಿ ಹೊಡೆದು ನೋಡಿ.

ಲ್ಯಾಪ್‌ಟಾಪಿನಲ್ಲಿ ಅಕ್ಷರದ ಬದಲು ಅಂಕಿ

ಹಳೆಯ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ನಂಬರ್ ಪ್ಯಾಡಿಗೆ ಜಾಗವಿರಲಿಲ್ಲ. ಹಾಗಾಗಿ ಅದನ್ನು ಅಕ್ಷರಗಳ ಮೇಲೆಯೇ ಹೊದಿಸಿದರು. ಯು, ಐ, ಓ ಕೀಗಳು 4, 5, 6. ಜೆ, ಕೆ, ಎಲ್ 1, 2, 3. ಎಂ ಕೀ 0. ಮೇಲಿನ 7, 8, 9 ಇದ್ದಲ್ಲೇ. ನಮ್ ಲಾಕ್ ಆನ್ ಆಗಿರುವಾಗ ಕಿಲೋ ಎಂಬ ಪದವನ್ನು ಇಂಗ್ಲಿಷಿನಲ್ಲಿ ಹೊಡೆದರೆ ಪರದೆಯ ಮೇಲೆ 2536 ಬೀಳುತ್ತದೆ. ಕೀಗಳ ಅಂಚಿನಲ್ಲಿ ಬೇರೆ ಬಣ್ಣದಲ್ಲಿ ಚಿಕ್ಕದಾಗಿ ಅಚ್ಚಾಗಿರುವ ಅಂಕಿಗಳನ್ನು ನೋಡಿ, ನಿಮ್ಮ ಲ್ಯಾಪ್‌ಟಾಪ್ ಈ ಜಾತಿಯದೇ ಎಂದು ತಿಳಿಯುತ್ತದೆ.

ಅರ್ಥ ಕೊಡುವುದು ಕಂಪ್ಯೂಟರ್ ಎಂದು ಮೇಲೆ ಬರೆದಿದ್ದೇನಲ್ಲ, ಅದಕ್ಕೆ ಇದೊಂದು ಅಪವಾದ. ಇಲ್ಲಿ ಲ್ಯಾಪ್‌ಟಾಪಿನ ಕೀಬೋರ್ಡ್ ಚಿಪ್ಪೇ ನಮ್ ಲಾಕ್ ಲೈಟ್ ಹಚ್ಚು ಎಂಬ ಆದೇಶವನ್ನು ಗಮನಿಸುತ್ತಿದ್ದು, ಅದು ಬಂದ ಕೂಡಲೇ ಕೆ ಕೀಯ ಸಂಖ್ಯೆಯ ಬದಲು ಪ್ಯಾಡಿನ 2ರ ಸಂಖ್ಯೆಯನ್ನು ಕಳಿಸತೊಡಗುತ್ತದೆ. ಹೊರಗಿನ ಯುಎಸ್‌ಬಿ ಕೀಬೋರ್ಡ್ ಜೋಡಿಸಿ ಅದರಲ್ಲಿ ನಮ್ ಲಾಕ್ ಒತ್ತಿದರೆ ವಿಂಡೋಸ್ ಆ ಆದೇಶವನ್ನು ಎರಡಕ್ಕೂ ಕಳಿಸುತ್ತದೆ. ಹೊರಗಿನದು ತೆಗೆದ ಮೇಲೂ ಲ್ಯಾಪ್‌ಟಾಪಿನಲ್ಲಿ ಅಂಕಿ ಬರುತ್ತಿರುವುದಕ್ಕೆ ಬಹಳ ಸಲ ಇದೇ ಕಾರಣ.

ಆಫ್ ಮಾಡಲು ಎಫ್‌ಎನ್ ಕೀ ಹಿಡಿದು ನಮ್ ಲಾಕ್ ಎಂದು ಬರೆದಿರುವ ಕೀ ಒತ್ತಿ. ಅದು ಎಫ್11 ಮೇಲಿರಬಹುದು, ಇನ್ಸರ್ಟ್ ಮೇಲಿರಬಹುದು, ಸ್ಕ್ರೋಲ್ ಲಾಕ್ ಜತೆಗಿರಬಹುದು, ಎಫ್‌ಎನ್ ಇದ್ದ ಬಣ್ಣದಲ್ಲೇ ಅಚ್ಚಾಗಿರುತ್ತದೆ. ಎಲ್ಲೂ ಕಾಣದಿದ್ದರೆ ವಿಂಡೋಸ್ ಕೀ, ಕಂಟ್ರೋಲ್ ಮತ್ತು ಓ ಒಟ್ಟಿಗೆ ಒತ್ತಿ, ಪರದೆಯ ಮೇಲೆಯೇ ಒಂದು ಕೀಬೋರ್ಡ್ (ಆನ್‌ಸ್ಕ್ರೀನ್ ಕೀಬೋರ್ಡ್) ತೆರೆಯುತ್ತದೆ. ಓ ಈಗ ಅಂಕಿಯಾಗಿದ್ದರೆ ಇದು ಕೆಲಸ ಮಾಡದು, ಆಗ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ಎಂಬಲ್ಲಿ ಮೌಸಿನಿಂದಲೇ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆಯಿರಿ. ಅದರ ಆಪ್ಷನ್ಸ್ ಒಳಗೆ ನಂಬರ್ ಪ್ಯಾಡ್ ತೋರಿಸು ಎಂಬುದಕ್ಕೆ ಟಿಕ್ ಹಾಕಿದರೆ ನಮ್ ಲಾಕ್ ಕೀ ಪರದೆಯ ಮೇಲೆ ಬರುತ್ತದೆ, ಕ್ಲಿಕ್ ಮಾಡಿ ಆರಿಸಿ.

ಕೀಬೋರ್ಡ್ ನಿಜವಾಗಿ ಕೆಟ್ಟಾಗ

ಅದರ ಲಕ್ಷಣ ಬೇರೆ, ಅದನ್ನು ಓದಲು ಒಳಗಿನ ರಚನೆ ಗೊತ್ತಿರಬೇಕು. ನೂರಕ್ಕೂ ಹೆಚ್ಚು ಕೀಗಳಿಗೆ ಒಂದೊಂದು ತಂತಿ ಎಳೆದಿರುವುದಿಲ್ಲ. ಉದಾಹರಣೆಗೆ 8 ಅಡ್ಡಗೆರೆ, 16 ಉದ್ದಗೆರೆ ಹಾಕಿದರೆ 24 ಗೆರೆಗಳಲ್ಲಿ 128 ಕೂಡುಜಾಗ ಸಿಗುತ್ತವೆ. ಪ್ರತಿ ಕೀ ಒಂದು ಕೂಡುಜಾಗದ ಮೇಲೆ ಕೂತಿರುತ್ತದೆ. ಒಳಗಿನ ಚಿಪ್ ಗೆರೆಗಳನ್ನು ಸರದಿಯಂತೆ ಬೇಗಬೇಗ ಮುಟ್ಟುತ್ತಾ, ಯಾವ ಅಡ್ಡಗೆರೆ ಯಾವ ಉದ್ದಗೆರೆಗೆ ತಾಗಿದೆ ಎಂದು ನೋಡುತ್ತಲೇ ಇರುತ್ತದೆ. ಸಾಮಾನ್ಯ ಕೀಬೋರ್ಡುಗಳಲ್ಲಿ ಈ ಗೆರೆಗಳು ತೆಳು ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಚ್ಚಾಗಿರುತ್ತವೆ. ಮೇಲೊಂದು ಹಾಳೆ, ಕೆಳಗೊಂದು, ನಡುವೆ ತೂತುಗಳಿರುವ ಮೂರನೆಯದು. ಕೀ ಒತ್ತಿದರೆ ರಬ್ಬರ್ ಬಟ್ಟಲು ಮಡಚಿ, ಮೇಲಿನ ಹಾಳೆ ತೂತಿನ ಮೂಲಕ ಬಾಗಿ ಕೆಳಗಿನದನ್ನು ಮುಟ್ಟುತ್ತದೆ.

ಇದರಿಂದ ರೋಗ ಪತ್ತೆ ಸುಲಭ. ಒಂದೇ ಒಂದು ಕೀ ಸತ್ತಿದ್ದರೆ ಅದರ ಕೆಳಗೆ ಕಸ ಸೇರಿದೆ, ಇಲ್ಲವೇ ಅದರ ರಬ್ಬರ್ ಹರಿದಿದೆ. ಕೀಯನ್ನು ಮೆಲ್ಲನೆ ಎತ್ತಿ, ಶೇ. 90 ಅಥವಾ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯ ಕಡ್ಡಿಯಿಂದ ಒರೆಸಿದರೆ ಬಹುತೇಕ ಸರಿಹೋಗುತ್ತದೆ. ಐದಾರು ಕೀಗಳು ಒಟ್ಟಿಗೆ ಸತ್ತಿದ್ದರೆ, ನೋಡಲು ಅವಕ್ಕೆ ಸಂಬಂಧವೇ ಇಲ್ಲದಂತಿದ್ದರೂ, ಅವೆಲ್ಲ ಒಂದೇ ಗೆರೆಯ ಮೇಲಿವೆ, ಆ ಗೆರೆ ಎಲ್ಲೋ ತುಂಡಾಗಿದೆ ಅಥವಾ ಚಿಪ್ಪಿನ ಬಳಿಯ ಜೋಡಣೆ ಸಡಿಲಾಗಿದೆ. ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತಿದ್ದರೆ ಆ ಕೀಯ ಸಂಪರ್ಕ ಸವೆದಿದೆ. ಯಾವುದೇ ಸಂಪರ್ಕ ಕೂಡುವಾಗ ಕೆಲವು ಮಿಲಿಸೆಕೆಂಡ್ ಅದುರುತ್ತದೆ, ಆ ಅದುರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಚಿಪ್ ಸ್ವಲ್ಪ ಕಾಯುತ್ತದೆ. ಸವೆದ ಕೀ ಅದಕ್ಕಿಂತ ಹೆಚ್ಚು ಹೊತ್ತು ಅದುರಿದಾಗ ಎರಡನೆಯ ಒತ್ತು ಎಂದು ಎಣಿಕೆಯಾಗುತ್ತದೆ. ಮೂರು ಕೀ ಒಟ್ಟಿಗೆ ಹಿಡಿದಾಗ ಮಾತ್ರ ಒಂದು ಬೀಳದೆ ಹೋಗುವುದು ರೋಗವಲ್ಲ. ಮೂರೂ ಚೌಕದ ಮೂರು ಮೂಲೆಗಳಲ್ಲಿದ್ದರೆ ನಾಲ್ಕನೆಯ ಮೂಲೆಯ ಕೀಯನ್ನೂ ಒತ್ತಿದಂತೆಯೇ ಚಿಪ್ಪಿಗೆ ಕಾಣುತ್ತದೆ, ಸುಳ್ಳು ಅಕ್ಷರ ಬೀಳಿಸುವ ಬದಲು ಅದು ಮೂರನೆಯದನ್ನು ತಡೆಹಿಡಿಯುತ್ತದೆ.

ಎಲ್ಲ ಕೀಗಳೂ ಮಂಕಾಗಿ, ಒಂದೊಂದನ್ನೂ ಒತ್ತಿ ಹಿಡಿದರೆ ಮಾತ್ರ ಬೀಳುತ್ತಿದ್ದರೆ ಕೀಬೋರ್ಡನ್ನು ಬಿಚ್ಚಬೇಡಿ. ಅದು ಫಿಲ್ಟರ್ ಕೀಸ್, ಚುಟುಕಾದ ಒತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಂಡೋಸ್‌ನ ಇನ್ನೊಂದು ಸೌಲಭ್ಯ. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಹಿಡಿದರೆ ಆನ್ ಆಗುತ್ತದೆ, ಆಫ್ ಮಾಡುವುದೂ ಹಾಗೆಯೇ.

ಚಹಾ, ಕಾಫಿ ಚೆಲ್ಲಿದರೆ ತಕ್ಷಣ ಕೇಬಲ್ ಕಿತ್ತು ಬೋರಲು ಹಾಕಿ. ಲ್ಯಾಪ್‌ಟಾಪ್ ಆಗಿದ್ದರೆ ಪವರ್ ಆಫ್ ಮಾಡಿ, ಚಾರ್ಜರ್ ತೆಗೆದು, ತಾನಾಗಿ ಬಿಚ್ಚಲು ಹೋಗದೆ ರಿಪೇರಿಯವರಿಗೆ ಕೊಡಿ, ಏಕೆಂದರೆ ಅಲ್ಲಿ ಕೀಬೋರ್ಡಿನ ಕೆಳಗೇ ಮದರ್‌ಬೋರ್ಡ್ ಇರುತ್ತದೆ. ಬೇರೆ ಕೀಬೋರ್ಡಾದರೆ ಹಿಂಬದಿಯ ಸ್ಕ್ರೂ ಬಿಚ್ಚಿ, ಹಾಳೆಗಳನ್ನು ಜಜ್ಜದೆ ಮಡಚದೆ ಒದ್ದೆ ಬಟ್ಟೆಯಿಂದ ಒರೆಸಿ, ಸಕ್ಕರೆಯ ಅಂಟು ಪೂರ್ತಿ ಹೋದ ಮೇಲೆ ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ ಜೋಡಿಸಿ. ಹೇರ್ ಡ್ರೈಯರಿನ ಬಿಸಿಗಾಳಿ ಹಾಳೆಗಳನ್ನು ಸೊಟ್ಟಗಾಗಿಸುತ್ತದೆ, ಬೇಡ.

ಒಣಗಿಸಿ ಜೋಡಿಸಿದ ಮೇಲೂ ಒಂದೇ ಗೆರೆಯ ಕೀಗಳು ಗುಂಪಾಗಿ ಸತ್ತೇ ಇದ್ದರೆ, ಅಚ್ಚಾದ ಗೆರೆ ಕರಗಿಹೋಗಿದೆ. ಹೊಸ ಕೀಬೋರ್ಡ್ ತರುವುದು ಆಗ.